ಬೇಟೆಗೆ ಹೊರಟ ಬೇಟಾ

ಹನ್ನೊಂದು ವರ್ಷದ ಮಗ ಊಟದ ತಟ್ಟೆಯ ಮುಂದೆ ಕುಳಿತು, "ಅಮ್ಮೀ, ನಾನು ಬೇಟೆಗೆ ಹೋಗಬೇಕು" ಎಂದರೆ ನೀವು ಏನು ಉತ್ತರ ಕೊಡುತ್ತೀರಿ? "ಸುಮ್ಮನೆ ಊಟ ಮಾಡು" ಎನ್ನುತ್ತೀರಿ. ನಾನೂ ಅದನ್ನೇ ಹೇಳಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದು ತಿಂಗಳಿನಿಂದ ನನ್ನೊಡನೆ ಸರಿಯಾಗಿ ಮಾತನಾಡದಿದ್ದ ಮಗ ತಾನಾಗಿಯೇ ಬಾಯಿ ಬಿಟ್ಟು ಕೇಳಿದ ಮೊದಲ ಮಾತು ಅದಾಗಿತ್ತು. ಅದನ್ನೂ ನಾನು ಮುಚ್ಚಿಸಿಬಿಟ್ಟಿದ್ದೆ.

ಅವನು ಮಾತು ಬಿಟ್ಟದ್ದಕ್ಕೆ ಕಾರಣ ನಾನೇ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿಂದೆ ಒಂದು ಬೇವಿನ ಮರವಿದೆ. ಓಣಿಯ ಹುಡುಗರು ರಬ್ಬರಿನ ಕವಣೆ ಹಿಡಿದುಕೊಂಡು ಅದರ ಕೆಳಗೆ ಸೇರುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಗದ್ದಲ ಕೇಳಿ ಹಿತ್ತಲಿಗೆ ಹೋದೆ. ಗೋಡೆಯ ಬುಡದಲ್ಲಿ ಒಂದು ಬೆಳವಕ್ಕಿ ಬಿದ್ದಿತ್ತು. ಕವಣೆ ನನ್ನ ಮಗನ ಕೈಯಲ್ಲಿತ್ತು. ಉಳಿದ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಅವರೆಲ್ಲರ ಎದುರಿಗೇ ಅವನ ಕೆನ್ನೆಗೆ ಹೊಡೆದೆ. ಕವಣೆ ಕಸಿದು ಕಪಾಟಿನ ಮೇಲೆ ಎಸೆದೆ. "ಇದನ್ನು ಕೊಂದು ನಿನಗೆ ಏನು ಸಿಕ್ಕಿತು?" ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಅಂದಿನಿಂದ ಕೇಳಿದ್ದಕ್ಕೆ 'ಹ್ಞೂಂ', 'ಉಹೂಂ' ಅಷ್ಟೇ.

ನೋಡಿ, ನಾನು ಮದ್ರಸಾದಲ್ಲಿ ಓದಿದವಳು. ದಿನಾ ಒಂದು ಕೋಣೆ ತುಂಬ ಮಕ್ಕಳಿಗೆ ಪಾಠ ಹೇಳುವವಳು. ಮಕ್ಕಳನ್ನು ಇತರರೆದುರು ಅವಮಾನಿಸಬಾರದು ಎಂದು ತಾಯಂದಿರ ಸಭೆಯಲ್ಲಿ ಭಾಷಣವನ್ನೂ ಮಾಡಿದ್ದೇನೆ. ನನ್ನ ಮನೆಯ ಹಿತ್ತಲಿನಲ್ಲಿ ಆ ಭಾಷಣ ನನಗೇ ನೆನಪಾಗಲಿಲ್ಲ.

ಪತಿ ದಮ್ಮಾಮಿನಲ್ಲಿದ್ದಾರೆ. ಫೋನಿನಲ್ಲಿ ಹೇಳಿಕೊಂಡಾಗ ಅವರು ನಕ್ಕರು. "ನಮ್ಮ ಅಬ್ಬಾ ದೊಡ್ಡ ಶಿಕಾರಿ. ಮೊಮ್ಮಗನಿಗೆ ಅದು ಸ್ವಲ್ಪವಾದರೂ ಬರಬೇಡವೇ?" ಎಂದರು. ನನ್ನ ಮಾವನವರನ್ನು ಮಗ ನೋಡಿಲ್ಲ. ಆದರೆ ಅವರ ಕಥೆಗಳೆಲ್ಲ ಅವನಿಗೆ ಬಾಯಿಪಾಠ. ದಾದಾರ ಬಂದೂಕು, ದಾದಾರ ಎರಡು ಮುಧೋಳ ನಾಯಿಗಳು, ಬೆಳದಿಂಗಳಲ್ಲಿ ಮೊಲದ ಹಿಂದೆ ಓಡಿದ್ದು. ಮುಧೋಳದ ನಾಯಿ ನಮ್ಮ ಜಿಲ್ಲೆಯ ಹೆಮ್ಮೆ ತಾನೇ? ಸಪೂರ ಮೈ, ಉದ್ದ ಕಾಲು, ಬಾಣದಂತಹ ಓಟ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದರ ತಳಿಯನ್ನು ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನೂ ಹೊರತಂದಿತು. ಆ ನಾಯಿಯನ್ನು ಸಾಕಿದ್ದೇ ಬೇಟೆಗಾಗಿ. ಇಂತಹ ನೆಲದಲ್ಲಿ ಹುಟ್ಟಿದ ಹುಡುಗನಿಗೆ ಬೇಟೆಯ ಆಸೆ ಬಂದರೆ ಆಶ್ಚರ್ಯವೇನೂ ಇಲ್ಲ.

ಆ ಆಸೆಗೆ ತುಪ್ಪ ಸುರಿದದ್ದು ಅಮೆರಿಕದಿಂದ ಬಂದ ಒಂದು ವೀಡಿಯೋ ಕರೆ. ಪತಿಯ ತಮ್ಮ ಅಲ್ಲಿನ ಕೊಲೊರಾಡೊ ರಾಜ್ಯದಲ್ಲಿ ಸಂಸಾರ ಸಮೇತ ಇದ್ದಾರೆ. ಅವರ ಪಕ್ಕದ ಮನೆಯವರು ತಮ್ಮ ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಎಲ್ಕ್ ಬೇಟೆಗೆ ಹೋಗಿ ಬಂದಿದ್ದರು. ಎಲ್ಕ್ ಎಂದರೆ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ, ಅದಕ್ಕಿಂತಲೂ ದೊಡ್ಡ ಜಿಂಕೆ. ಗಂಡಿನ ತೂಕ 300 ಕಿಲೋ ದಾಟುತ್ತದೆ. ಚಾಚಾ ಈ ಕಥೆ ಹೇಳುತ್ತಿದ್ದರೆ ನನ್ನ ಮಗ ರೆಪ್ಪೆ ಮಿಟುಕಿಸದೆ ಕುಳಿತಿದ್ದ.

ಊಟದ ತಟ್ಟೆಯ ಮುಂದೆ ಅವನು ಆ ಮಾತು ಹೇಳಿದ್ದು ಮಾರನೆಯ ದಿನ. ರಾತ್ರಿ ನಿದ್ದೆ ಬಾರದೆ ನಾನೇ ಮೈದುನನಿಗೆ ಫೋನ್ ಮಾಡಿ ಆ ಬೇಟೆಯ ವಿಷಯವನ್ನು ಪೂರ್ತಿಯಾಗಿ ಕೇಳಿದೆ. ಕೇಳಿದಷ್ಟೂ ನನ್ನ ಕಲ್ಪನೆ ತಪ್ಪು ಎಂದು ತಿಳಿಯಿತು.

ಬಂದೂಕು ಹೆಗಲಿಗೇರಿಸಿ ಹೊರಟುಬಿಡುವುದಲ್ಲವಂತೆ ಅದು. ಅಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹನ್ನೆರಡು ವರ್ಷವಾದರೂ ತುಂಬಿರಬೇಕು. ಬೇಟೆಗಾರರ ಶಿಕ್ಷಣ ಎಂಬ ಪಾಠ ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 16 ವರ್ಷ ತುಂಬದ ಮಕ್ಕಳ ಜೊತೆಗೆ ಹಿರಿಯರು ಇರಲೇಬೇಕು. ಸರಕಾರಿ ಅರಣ್ಯ ಎಲ್ಲರದೂ ಹೌದು, ಆದರೆ ಲೈಸೆನ್ಸ್ ಬೇಕು. ಯಾವ ಪ್ರದೇಶದಲ್ಲಿ, ಯಾವ ದಿನಗಳಲ್ಲಿ, ಗಂಡೋ ಹೆಣ್ಣೋ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕೊಂದ ಪ್ರಾಣಿಯ ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬಂದರೆ ಅದೂ ಅಪರಾಧ. ಅಪ್ಪ ಮಗ ಇಬ್ಬರೂ ಬೇಸಿಗೆಯಿಡೀ ನಕ್ಷೆ ಹರಡಿಕೊಂಡು ಕುಳಿತಿದ್ದರಂತೆ. ರಜಾದಿನಗಳಲ್ಲಿ ಬೆನ್ನಿಗೆ ಭಾರ ಹೊತ್ತು ಗುಡ್ಡ ಹತ್ತಿ ಅಭ್ಯಾಸ ಮಾಡಿದ್ದರಂತೆ.

"ಕೊನೆಗೆ ಎಷ್ಟು ದೊಡ್ಡದು ಸಿಕ್ಕಿತು?" ಎಂದು ಕೇಳಿದೆ.

"ಏನೂ ಇಲ್ಲ ಭಾಬಿ. ಐದು ದಿನ ತಿರುಗಿ ಬರಿಗೈಯಲ್ಲಿ ಬಂದರು. ಕೊನೆಯ ದಿನ ಒಂದು ಎಲ್ಕ್ ಹುಡುಗನ ಎದುರಿಗೇ ಬಂದು ನಿಂತಿತಂತೆ. ಆದರೆ ಅದು ಹೆಣ್ಣು. ಇವರ ಲೈಸೆನ್ಸ್ ಇದ್ದದ್ದು ಗಂಡಿಗೆ. ಹುಡುಗ ಬಂದೂಕು ಕೆಳಗಿಳಿಸಿದ."

"ಅಲ್ಲಿ ಕಾವಲಿನವರು ಇದ್ದರೇ?"

"ಆ ಕಾಡಿನಲ್ಲಿ ಯಾರಿರುತ್ತಾರೆ ಭಾಬಿ?"

ಫೋನ್ ಇಟ್ಟ ಮೇಲೆ ನನಗೆ ಸೂರಾ ಅಲ್ ಮಾಇದಾದ 94ನೆಯ ಸೂಕ್ತ ನೆನಪಾಯಿತು. ಎಷ್ಟೋ ವರ್ಷ ಮಕ್ಕಳಿಗೆ ಓದಿಸಿದ್ದೇನೆ, ಅರ್ಥ ಹೇಳಿದ್ದೇನೆ. ಇಹ್ರಾಮ್ ಕಟ್ಟಿದವರಿಗೆ ನೆಲದ ಬೇಟೆ ನಿಷಿದ್ಧ. ಅಂತಹ ಹೊತ್ತಿನಲ್ಲೇ ಬೇಟೆಯ ಪ್ರಾಣಿಗಳು ಸತ್ಯವಿಶ್ವಾಸಿಗಳ ಕೈಗೆ, ಅವರ ಭರ್ಜಿಗೆ ಎಟುಕುವಷ್ಟು ಹತ್ತಿರ ಬರುವಂತೆ ಮಾಡಿ ಅಲ್ಲಾಹನು ಪರೀಕ್ಷಿಸುತ್ತಾನೆ. ಕಣ್ಣಿಗೆ ಕಾಣದ ತನಗೆ ಯಾರು ಭಯಪಡುತ್ತಾರೆ ಎಂಬುದು ಪ್ರಕಟವಾಗಲಿ ಎಂದು. ಯಾರೂ ನೋಡದ ಕಡೆ ಕೈ ಕೆಳಗಿಳಿಸುವುದು. ನನ್ನ ಮಗನಿಗೆ ನಾನು ಕಲಿಸಬೇಕಾಗಿದ್ದದ್ದು ಇದನ್ನು. ನಾನು ಕಲಿಸಿದ್ದೇನು? ಅಮ್ಮೀ ನೋಡಿದರೆ ಹೊಡೆಯುತ್ತಾಳೆ ಎಂಬುದನ್ನು ಮಾತ್ರ.

ಬೆಳಗ್ಗೆ ಫಜ್ರ್ ನಮಾಝಿನ ನಂತರ ಮಗನನ್ನು ಹತ್ತಿರ ಕೂರಿಸಿಕೊಂಡು, "ಬೇಟಾ, ಬೇಟೆಗೆ ಹೋಗೋಣ" ಎಂದೆ. ಅವನು ನಂಬಲಿಲ್ಲ.

"ಆದರೆ ಆ ಹುಡುಗನಂತೆ ಎಲ್ಲವನ್ನೂ ನೀನೇ ಸಿದ್ಧಪಡಿಸಬೇಕು. ಪಾಠ, ಪರೀಕ್ಷೆ, ನಕ್ಷೆ, ಅನುಮತಿ."

"ಬಂದೂಕು?"

"ಬಂದೂಕು ಇಲ್ಲ. ಹುಡುಕುವುದು, ಜಾಡು ಹಿಡಿಯುವುದು, ಅಡಗಿ ಕೂರುವುದು ಎಲ್ಲ ಇದೆ. ಕೊಲ್ಲುವುದೊಂದಿಲ್ಲ."

ಮುಖ ಸಣ್ಣದು ಮಾಡಿಕೊಂಡು ಶಾಲೆಗೆ ಹೋದ. ಸಂಜೆ ಬಂದವನೇ, "ಯಾವ ಪ್ರಾಣಿ?" ಎಂದು ಕೇಳಿದ. ನಾನು ಉತ್ತರ ಸಿದ್ಧವಿಟ್ಟುಕೊಂಡಿದ್ದೆ. "ಚಿಂಕಾರ."

ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ ಇಲ್ಲವೋ, ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆ ಇದೆ. 2016ರಲ್ಲಿ ಸರಕಾರ ಅದಕ್ಕಾಗಿಯೇ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವನ್ನು ಘೋಷಿಸಿತು. ಸುಮಾರು 96 ಚದರ ಕಿಲೋಮೀಟರ್ ಜಾಗ. 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲೂ ಇಂತಹದೇ ಒಂದು ಧಾಮವಾಯಿತು. ಬಾದಾಮಿಯ ಗುಹೆ ನೋಡಲು ದೇಶವೇ ಬರುತ್ತದೆ. ಇಲ್ಲೇ ಇರುವ ಈ ಜೀವವನ್ನು ನಾವೇ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ.

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ಅದರ ಮೇಲೆ ಅವನು 'ಬೇಟೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದ. ದಿನಾ ಇಶಾ ನಮಾಝಿನ ನಂತರ ಅರ್ಧ ಗಂಟೆ ನಮ್ಮ ಪಾಠ ನಡೆಯುತ್ತಿತ್ತು.

ಮೊದಲ ಪಾಠ ಧರ್ಮದ್ದು. ಇಸ್ಲಾಮಿನಲ್ಲಿ ಬೇಟೆ ಹರಾಮ್ ಅಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಮಕ್ಕಳಿಗೆ ಅರ್ಧ ಸತ್ಯ ಹೇಳಬಾರದು. ಹೊಟ್ಟೆಗಾಗಿ ಬೇಟೆಯಾಡಬಹುದು, ಪಳಗಿಸಿದ ನಾಯಿಯಿಂದಲೂ ಹಿಡಿಸಬಹುದು. ಆದರೆ ಅದಕ್ಕೆ ಎಷ್ಟೊಂದು ಕಟ್ಟುಪಾಡು! ಹಾತಿಮ್ ತಾಈಯ ಮಗ ಅದೀ(ರ) ಅವರು ಪ್ರವಾದಿವರ್ಯರಲ್ಲಿ(ಸ) ಈ ಬಗ್ಗೆ ಒಂದೊಂದಾಗಿ ಕೇಳಿ ತಿಳಿದುಕೊಂಡದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ನಾಯಿಯನ್ನು ಬಿಡುವಾಗ ಅಲ್ಲಾಹನ ನಾಮ ಉಚ್ಚರಿಸಿರಬೇಕು. ನಾಯಿ ತಾನೇ ತಿಂದಿದ್ದರೆ ಅದನ್ನು ನಾವು ತಿನ್ನಬಾರದು, ಏಕೆಂದರೆ ಅದು ತನಗಾಗಿ ಹಿಡಿದದ್ದು. ಬಾಣದ ಮೊನೆ ತಾಗಿದರೆ ತಿನ್ನಬಹುದು, ಅಡ್ಡ ಭಾಗ ಬಡಿದು ಸತ್ತರೆ ತಿನ್ನಬಾರದು.

"ಹಾಗಾದರೆ ಕವಣೆಯ ಕಲ್ಲು?" ಎಂದು ಅವನೇ ಕೇಳಿದ.

"ಕಲ್ಲಿನ ಪೆಟ್ಟಿನಿಂದ ಸತ್ತದ್ದು ಶವಕ್ಕೆ ಸಮಾನ. ಪೆಟ್ಟು ತಿಂದು ಸತ್ತದ್ದನ್ನು ಅದೇ ಸೂರಾದ 3ನೆಯ ಸೂಕ್ತ ನಿಷೇಧಿಸಿದೆ. ಹರಳು ಚಿಮ್ಮಿಸುವ ಆಟವನ್ನೇ ಪ್ರವಾದಿವರ್ಯರು(ಸ) ಬೇಡವೆಂದರು. ಅದರಿಂದ ಬೇಟೆಯೂ ಆಗದು, ಶತ್ರುವೂ ಸೋಲನು. ಯಾರದಾದರೂ ಹಲ್ಲು ಮುರಿಯುತ್ತದೆ, ಕಣ್ಣು ಹೋಗುತ್ತದೆ ಅಷ್ಟೇ."

ಗುಬ್ಬಚ್ಚಿಯನ್ನೇ ಆದರೂ ಹಕ್ಕಿಲ್ಲದೆ ಕೊಂದವನನ್ನು ಅಲ್ಲಾಹನು ವಿಚಾರಿಸುತ್ತಾನೆ ಎಂಬ ಹದೀಸ್ ಹೇಳಿದೆ. ಹಕ್ಕಿಯೊಂದನ್ನು ಕಟ್ಟಿಹಾಕಿ ಗುರಿಯಿಡುತ್ತಿದ್ದ ಯುವಕರು ಇಬ್ನ್ ಉಮರ್(ರ) ಅವರನ್ನು ಕಂಡು ಚದುರಿ ಓಡಿದ ಘಟನೆ ಹೇಳಿದೆ. ಒಂದು ಪ್ರಯಾಣದಲ್ಲಿ ಕೆಲವರು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸುತ್ತಿತಂತೆ. ಪ್ರವಾದಿವರ್ಯರು(ಸ) ಅದನ್ನು ಕಂಡು, ಮರಿಗಳನ್ನು ಇದಕ್ಕೆ ಹಿಂದಿರುಗಿಸಿ ಎಂದು ಆಜ್ಞಾಪಿಸಿದರು. ಈ ಕೊನೆಯ ಕಥೆ ಹೇಳುವಾಗ ಮಗ ಪೆನ್ನು ಕೆಳಗಿಟ್ಟು, "ಸಾಕು ಅಮ್ಮೀ, ನಿದ್ದೆ ಬರುತ್ತಿದೆ" ಎಂದು ಎದ್ದುಹೋದ. ಆಗ ನನಗೆ ಏನೂ ಹೊಳೆಯಲಿಲ್ಲ.

ಎರಡನೆಯ ಪಾಠ ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಮೋಜಿನ ಬೇಟೆ ನಿಂತುಹೋಯಿತು. ದಾದಾರ ಶಿಕಾರಿ ಕಥೆಗಳೆಲ್ಲ ಅದಕ್ಕೂ ಹಿಂದಿನವು. ಚಿಂಕಾರ ಆ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು. "ದಾದಾ ಬೇಟೆಯಾಡಬಹುದಿತ್ತು, ನಾನೇಕೆ ಆಡಬಾರದು?" ಎಂದು ವಾದಿಸಿದ. ಚೀತಾದ ಕಥೆ ಹೇಳಿದೆ. ರಾಜಮಹಾರಾಜರು ಹುಲ್ಲೆಗಳನ್ನು ಹಿಡಿಸಲು ಚೀತಾಗಳನ್ನು ಸಾಕುತ್ತಿದ್ದರು. ಕೊನೆಗೆ ಚೀತಾವೇ ಉಳಿಯಲಿಲ್ಲ. 1952ರಲ್ಲಿ ಅದು ಈ ದೇಶದಿಂದ ಅಳಿಯಿತು ಎಂದು ಘೋಷಿಸಬೇಕಾಯಿತು. 2022ರಲ್ಲಿ ಆಫ್ರಿಕಾದ ನಮೀಬಿಯಾದಿಂದ ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಟ್ಟರು. ಕೊಲೊರಾಡೊದಲ್ಲೂ ಹಾಗೆಯೇ. ಹಿಂದೆ ಮಿತಿಯಿಲ್ಲದೆ ಕೊಂದದ್ದರಿಂದ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಎಲ್ಕ್‌ಗಳು ಮುಗಿಯುತ್ತ ಬಂದಿದ್ದವು. ನೆರೆಯ ವಯೋಮಿಂಗ್ ರಾಜ್ಯದಿಂದ ತಂದು ಬಿಟ್ಟು, ಬೇಟೆಗೆ ಕಟ್ಟುನಿಟ್ಟು ಮಾಡಿದ ಮೇಲೆ ಮತ್ತೆ ಹೆಚ್ಚಿದವು. ಇಂದು ಅಲ್ಲಿ ಒಬ್ಬ ಹುಡುಗ ಬೇಟೆಗೆ ಹೋಗಬಹುದಾದರೆ ಅದಕ್ಕೆ ಕಾರಣ, ನಡುವೆ ಯಾರೋ ಕೈ ತಡೆದುಕೊಂಡದ್ದು.

"ಹಲಗಲಿಯ ಬೇಡರು?" ಎಂದ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ವಿರುದ್ಧ ನಿಂತು ಪ್ರಾಣ ಕೊಟ್ಟ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. "ಅವರಿಗೆ ಆಯುಧ ಅನ್ನವೂ ಆಗಿತ್ತು, ಮಾನವೂ ಆಗಿತ್ತು. ಬೆಳವಕ್ಕಿ ನಿನ್ನ ಅನ್ನವಾಗಿತ್ತೇ?" ಎಂದೆ. ಹೇಳಿದ ಮೇಲೆ, ಮತ್ತೆ ಗಾಯ ಕೆದಕಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಮೂರನೆಯ ಪಾಠ ಪ್ರಾಣಿಯದು. ಇದನ್ನು ಅವನೇ ನನಗೆ ಕಲಿಸಿದ. ಶಾಲೆಯ ಗ್ರಂಥಾಲಯದಿಂದಲೂ ಅಂತರ್ಜಾಲದಿಂದಲೂ ಹುಡುಕಿ ಬರೆದುಕೊಂಡ. ಚಿಂಕಾರದ ತೂಕ ಹೆಚ್ಚೆಂದರೆ 25 ಕಿಲೋ, ಒಂದು ಒಳ್ಳೆಯ ಆಡಿನಷ್ಟು. ಗಂಡಿಗೂ ಹೆಣ್ಣಿಗೂ ಕೊಂಬು ಇರುತ್ತದೆ, ಹೆಣ್ಣಿನದು ಸಣ್ಣದು. ಎಲೆಯ ರಸ, ಇಬ್ಬನಿಯಿಂದಲೇ ಬಹುದಿನ ನೀರಿಲ್ಲದೆ ಇರಬಲ್ಲದು. ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂದು, ಎರಡು, ಹೆಚ್ಚೆಂದರೆ ಐದಾರು. ಹೆದರಿದರೆ ಮುಂಗಾಲು ನೆಲಕ್ಕೆ ಬಡಿದು ಸೀನಿದಂತೆ ಸದ್ದು ಮಾಡುತ್ತದೆ. ಮನುಷ್ಯರ ವಾಸನೆಯೇ ಆಗದು. ಬೆಳಗ್ಗೆ ಮತ್ತು ಸಂಜೆ ಮೇಯುತ್ತದೆ. "ಅದಕ್ಕೆ ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆ ಕೂರಬೇಕು ಅಮ್ಮೀ" ಎಂದು ವಿವರಿಸುವಾಗ ಅವನ ಕಣ್ಣಲ್ಲಿ ಬೆಳಕಿತ್ತು. ತಿಂಗಳ ನಂತರ ಕಂಡ ಬೆಳಕು ಅದು.

ವನ್ಯಜೀವಿಧಾಮದೊಳಗೆ ಮನಬಂದಂತೆ ಕಾಲಿಡುವಂತಿಲ್ಲ. ಅಧ್ಯಯನ, ಛಾಯಾಚಿತ್ರ, ಪ್ರವಾಸ ಮುಂತಾದ ಉದ್ದೇಶ ತಿಳಿಸಿ ಅನುಮತಿ ಪಡೆಯಬೇಕು. ಅರ್ಜಿಯನ್ನು ಅವನೇ ಬರೆದ. 'ವಿಷಯ: ಬೇಟೆಯಾಡದೆ ಚಿಂಕಾರ ನೋಡಲು ಅನುಮತಿ ಕೋರಿ.' ತಿದ್ದಬೇಕೆನಿಸಿತು, ತಿದ್ದಲಿಲ್ಲ. ಅರಣ್ಯ ಇಲಾಖೆಯ ಅಧಿಕಾರಿ ಅದನ್ನು ಓದಿ ನಕ್ಕು, ಮತ್ತೊಮ್ಮೆ ಓದಿ, ಮಗನನ್ನು ಕುರ್ಚಿಯ ಮೇಲೆ ಕೂರಿಸಿ ಮಾತನಾಡಿಸಿದರು. ಡಿಸೆಂಬರ್ ರಜೆಯಲ್ಲಿ ಬನ್ನಿ, ಗಾರ್ಡ್ ಒಬ್ಬರು ಜೊತೆಗಿರುತ್ತಾರೆ ಎಂದರು.

ಸಿದ್ಧತೆಯ ಪಟ್ಟಿ ದೊಡ್ಡದೇನಲ್ಲ. ಬೀಳಗಿಯಲ್ಲಿ ನನ್ನ ತಮ್ಮನ ಮನೆಯಿದೆ, ರಾತ್ರಿ ಅಲ್ಲಿಯೇ ವಾಸ. ಅವನ ಟಂಟಂ ಕಾಡಿನಂಚಿನವರೆಗೆ ಬರುತ್ತದೆ. ಶಾಲೆಯ ವಿಜ್ಞಾನ ಶಿಕ್ಷಕಿಯಿಂದ ದುರ್ಬೀನು ಕಡ ತಂದೆವು. ನಾಲ್ಕು ಲೀಟರ್ ನೀರು, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ. ಎರಡು ಭಾನುವಾರ ಊರ ಹೊರಗೆ ಐದೈದು ಕಿಲೋಮೀಟರ್ ನಡೆದು ಅಭ್ಯಾಸ ಮಾಡಿದೆವು. ಕೊಲೊರಾಡೊದಲ್ಲಿ ಬಂದೂಕಿನ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕಂತೆ. ನಮ್ಮದು ತಿರುಗುಮುರುಗು, ಕಾಣಿಸಿಕೊಳ್ಳಬಾರದು. "ನಿಮ್ಮ ಬುರ್ಖಾ ಕಪ್ಪು, ಚಿಂಕಾರ ಓಡಿಹೋಗುತ್ತದೆ" ಎಂದು ತಗಾದೆ ತೆಗೆದ. ಕೊನೆಗೆ ಮಣ್ಣಿನ ಬಣ್ಣದ ಹಳೆಯ ಬುರ್ಖಾ ಟ್ರಂಕಿನಿಂದ ಹೊರಬಂತು. ನೆರೆಯ ಒಬ್ಬ ಖಾಲಾ, "ಗಂಡ ಪರದೇಶದಲ್ಲಿ, ಇವಳು ಮಗನನ್ನು ಕಟ್ಟಿಕೊಂಡು ಕಾಡಿಗೆ ಹೊರಟಳು" ಎಂದರು. "ತಮ್ಮ ಜೊತೆಗಿದ್ದಾನೆ ಖಾಲಾ, ದುಆ ಮಾಡಿ" ಎಂದೆ.

ಡಿಸೆಂಬರಿನ ಒಂದು ಮಧ್ಯಾಹ್ನ ಹೊರಟೆವು. 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ ಉಚಿತವಲ್ಲವೇ? ನನಗೆ ಖರ್ಚಿಲ್ಲ, ಮಗನಿಗೆ ಅರ್ಧ ಟಿಕೆಟ್. ಅನಗವಾಡಿಯ ಸೇತುವೆಯ ಮೇಲೆ ಘಟಪ್ರಭೆ ಸಮುದ್ರದಂತೆ ಹರಡಿತ್ತು. ಅದು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. ನಮ್ಮ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆ ಹಿನ್ನೀರಿನಲ್ಲೇ ಮುಳುಗಿದವು. ಅದಕ್ಕೇ ನವನಗರ ಹುಟ್ಟಿತು. "ಮನೆ ಕಳೆದುಕೊಂಡಾಗ ಎಲ್ಲರೂ ಅತ್ತರೇ?" ಎಂದು ಮಗ ಕೇಳಿದ. "ಅತ್ತರು" ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಅಂದು ಸಂಜೆ ಕಾಡಿನಂಚಿನಲ್ಲಿ ಎರಡು ಗಂಟೆ ಕುಳಿತೆವು. ಒಂದು ಬಾಲವೂ ಕಾಣಲಿಲ್ಲ. ಗಾರ್ಡ್ ತೋರಿಸಿದ್ದು ಚೂಪಾದ ಗೊರಸಿನ ಗುರುತು ಮತ್ತು ಒಂದೇ ಕಡೆ ಗುಡ್ಡೆಯಾಗಿದ್ದ ಹಿಕ್ಕೆ. ಮಗ ಅದನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡ. ಗಾರ್ಡ್ ಸಮಾಧಾನ ಹೇಳಿದರು: "ಅದು ನಮ್ಮನ್ನ ಆಗಲೇ ನೋಡೇತ್ರಿ ಅಕ್ಕಾರ. ನಾವು ಅದನ್ನ ನೋಡೂದು ಬಾಕಿ ಐತಿ. ನಾಳಿ ನಸುಕಿನ್ಯಾಗ ಬರ್ರಿ."

ಮರುದಿನ ಫಜ್ರ್ ಮುಗಿಸಿ ಹೊರಟೆವು. ಚಳಿಯೋ ಚಳಿ. ಒಂದು ಬಂಡೆಯ ಮರೆಯಲ್ಲಿ ಗಾಳಿಗೆ ಮುಖ ಕೊಟ್ಟು ಕುಳಿತೆವು. ಸೂರ್ಯ ಮೇಲೆ ಬಂದ. ಕಾಲು ಜೋಮು ಹಿಡಿಯಿತು. ಹುಡುಗ ಅಲ್ಲಾಡಲಿಲ್ಲ. ತರಗತಿಯಲ್ಲಿ ಹತ್ತು ನಿಮಿಷ ಕೂರುವುದಿಲ್ಲ ಎಂದು ಅವನ ಮೇಲೆ ದೂರು ಬಂದಿತ್ತು! ಆಗ ಗಾರ್ಡ್ ಬೆರಳೆತ್ತಿದರು.

ಮೊದಲು ನನಗೆ ಕಂಡದ್ದು ಬರೀ ಒಣಹುಲ್ಲು. ಆಮೇಲೆ ಹುಲ್ಲಿನ ಬಣ್ಣದ್ದೇ ಒಂದು ಮೈ, ಕಪ್ಪು ಬಾಲ. ಸಣ್ಣ ಕೊಂಬಿನ ಹೆಣ್ಣು ಚಿಂಕಾರ. ಅದರ ಹಿಂದೆ ಬೆಳೆಯುತ್ತಿದ್ದ ಒಂದು ಮರಿ. ಅವು ಮೇಯುತ್ತ ನಮ್ಮ ಕಡೆಗೇ ಬಂದವು. ನಮ್ಮ ಶಾಲೆಯ ಅಂಗಳದಷ್ಟು ದೂರವೂ ಉಳಿಯಲಿಲ್ಲ. ಮರಿ ತಾಯಿಯ ಹೊಟ್ಟೆಗೆ ಮೂತಿ ತಾಗಿಸಿತು. ಮಗನ ಕಾಲ ಬಳಿ ಮುಷ್ಟಿ ತುಂಬುವಂತಹ ಕಲ್ಲುಗಳು ಬೇಕಾದಷ್ಟಿದ್ದವು. ಅವನ ಎರಡೂ ಕೈ ದುರ್ಬೀನನ್ನು ಬಿಗಿಯಾಗಿ ಹಿಡಿದಿದ್ದವು. ನಾನು ಮನಸ್ಸಿನಲ್ಲೇ ಆ ಸೂಕ್ತವನ್ನು ಓದಿಕೊಂಡೆ. ಕೈಗೆ ಎಟುಕುವಷ್ಟು ಹತ್ತಿರ.

ಗಾಳಿ ದಿಕ್ಕು ಬದಲಿಸಿತೋ ಏನೋ, ತಾಯಿ ತಲೆಯೆತ್ತಿ ಮುಂಗಾಲು ಬಡಿಯಿತು. ಒಂದು ಸೀನು. ಎರಡೂ ಕಣ್ಮರೆ. ಎಲ್ಲ ಸೇರಿ ನಾಲ್ಕೈದು ನಿಮಿಷ.

ಮಗ ಕುಣಿಯುತ್ತಾನೆ ಅಂದುಕೊಂಡೆ. ಅವನು ದುರ್ಬೀನು ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದ: "ಅಮ್ಮೀ, ಆ ಬೆಳವಕ್ಕಿಯ ಗೂಡಿನಲ್ಲಿ ಎರಡು ಮರಿ ಇದ್ದವು."

ನನಗೆ ಉಸಿರು ನಿಂತಂತಾಯಿತು.

"ನನಗೆ ಮೊದಲು ಗೊತ್ತಿರಲಿಲ್ಲ. ಮಾರನೆಯ ದಿನ ಸದ್ದು ಕೇಳಿ ಮರ ಹತ್ತಿ ನೋಡಿದೆ. ಅನ್ನ ಇಟ್ಟೆ, ಹತ್ತಿಯಲ್ಲಿ ನೀರು ಹಿಂಡಿದೆ. ತಿನ್ನಲಿಲ್ಲ. ಒಂದು ಎರಡನೆಯ ದಿನ ಸತ್ತಿತು, ಇನ್ನೊಂದು ಮೂರನೆಯ ದಿನ. ಗೋಡೆಯ ಹತ್ತಿರ ಹೂಳಿದೆ."

"ನನಗೆ ಏಕೆ ಹೇಳಲಿಲ್ಲ ಬೇಟಾ?"

"ಮತ್ತೆ ಹೊಡೆಯುತ್ತೀರಿ ಎಂದು."

ಸಹೋದರಿಯರೇ, ನನ್ನ ಮಗನ ಹೃದಯ ಕಲ್ಲಾಗುತ್ತಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಆ ದಿನಗಳಲ್ಲೇ, ಅವನು ಹಿತ್ತಲಿನಲ್ಲಿ ಒಬ್ಬನೇ ಎರಡು ಮರಿಗಳನ್ನು ಉಳಿಸಲು ಹೆಣಗಾಡುತ್ತಿದ್ದ. ಆ ಹದೀಸಿನ ಕಥೆ ಕೇಳಲಾಗದೆ ಎದ್ದುಹೋದದ್ದು ನಿದ್ದೆಗಲ್ಲ. ನನ್ನ ಒಂದು ಏಟು ಅವನಿಗೆ ದಯೆಯನ್ನು ಕಲಿಸಲಿಲ್ಲ, ದಯೆ ಅವನಲ್ಲಿ ಮೊದಲೇ ಇತ್ತು. ಅದು ಕಲಿಸಿದ್ದು ಮುಚ್ಚಿಡುವುದನ್ನು. ಅವನು ನನ್ನ ಬಳಿ ಓಡಿ ಬಂದಿದ್ದರೆ ತಿಳಿದವರನ್ನು ಕೇಳಬಹುದಿತ್ತು. ಮರಿಗಳು ಉಳಿಯುತ್ತಿದ್ದವೋ ಇಲ್ಲವೋ, ಆ ಮೂರು ದಿನ ನನ್ನ ಮಗು ಒಂಟಿಯಾಗಿ ಇರುತ್ತಿರಲಿಲ್ಲ.

ನಾನು ಅವನ ಕ್ಷಮೆ ಕೇಳಿದೆ. ತಾಯಿ ಮಗನ ಕ್ಷಮೆ ಕೇಳಬಹುದೇ ಎಂದು ನಿಮಗನ್ನಿಸಬಹುದು. ತಪ್ಪು ಮಾಡಿದವಳು ನಾನಾಗಿದ್ದಾಗ ಇನ್ನಾರು ಕೇಳಬೇಕು? ಗಾರ್ಡ್ ದೂರದಲ್ಲಿ ಬೀಡಿಯಿಲ್ಲದೆ ಸುಮ್ಮನೆ ನಿಂತಿದ್ದರು. ತಮ್ಮ ರೊಟ್ಟಿಯ ಗಂಟು ಬಿಚ್ಚಿದ. ಎಲ್ಲರೂ ಹಂಚಿಕೊಂಡು ತಿಂದೆವು.

ಊರಿಗೆ ಬಂದ ರಾತ್ರಿ ಕೊಲೊರಾಡೊಗೆ ಕರೆ ಮಾಡಿ ಮಗ ಚಾಚಾನಿಗೆ ಎಲ್ಲ ಹೇಳಿದ. "ಪಕ್ಕದ ಮನೆಯ ಹುಡುಗನಿಗೆ ಹೇಳಿ, ನನಗೂ ಹತ್ತಿರ ಬಂದಿತ್ತು, ನಾನೂ ಬಿಟ್ಟುಬಂದೆ" ಎಂದ. ಎಷ್ಟು ದೊಡ್ಡ ಪ್ರಾಣಿ ಎಂಬ ಮಾತೇ ಬರಲಿಲ್ಲ.

ಕಪಾಟಿನ ಮೇಲಿದ್ದ ಕವಣೆಯನ್ನು ತೆಗೆದು ಅವನ ಕೈಗೆ ಕೊಟ್ಟೆ. ಗುರಿಯಿಡುವುದು ಕೆಟ್ಟ ವಿದ್ಯೆಯಲ್ಲ, ಪ್ರವಾದಿವರ್ಯರು(ಸ) ಬಿಲ್ಲುವಿದ್ಯೆಯನ್ನು ಪ್ರೋತ್ಸಾಹಿಸಿದ್ದಾರೆ. ಯಾವುದಕ್ಕೆ ಗುರಿಯಿಡಬೇಕು, ಎಲ್ಲಿ ನಿಂತು ಹೊಡೆದರೆ ಯಾರ ಕಣ್ಣಿಗೂ ಅಪಾಯವಿಲ್ಲ ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸಿದೆವು. ಈಗ ಮಾಳಿಗೆಯ ಗೋಡೆಗೆ ಒರಗಿಸಿ ಖಾಲಿ ಎಣ್ಣೆ ಡಬ್ಬಿಗಳ ಸಾಲು ನಿಂತಿದೆ. ಓಣಿಯ ಹುಡುಗರೂ ಬರುತ್ತಾರೆ. ಅಸರ್ ನಂತರ ಟಣ್ ಟಣ್ ಸದ್ದು ಕೇಳುತ್ತದೆ. ಖಾಲಾಗೆ ಸ್ವಲ್ಪ ಕಿರಿಕಿರಿ. ಬೇವಿನ ಮರಕ್ಕೆ ಒಂದು ಮಣ್ಣಿನ ಪರಟೆ ತೂಗುಬಿಟ್ಟಿದ್ದಾರೆ, ನೀರು ತುಂಬಿಸುವ ಸರದಿ ದಿನಕ್ಕೊಬ್ಬರದು.

ನಿಮ್ಮ ಮನೆಯಲ್ಲೂ ಮಗ ಬಂದೂಕಿನ ಆಟ, ಬೇಟೆಯ ವೀಡಿಯೋ ಎನ್ನುತ್ತಿದ್ದರೆ ಒಮ್ಮೆಗೇ ಬಾಯಿ ಮುಚ್ಚಿಸಬೇಡಿ. ಒಂದು ನೋಟ್‌ಬುಕ್ ಕೊಡಿಸಿ. ಎಲ್ಲಿಗೆ, ಯಾವಾಗ, ಯಾರ ಅನುಮತಿ ಎಂದು ಅವನಿಂದಲೇ ಬರೆಸಿ. ಚಿಂಕಾರವೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ಹಿನ್ನೀರಿಗೆ ಬರುವ ಹಕ್ಕಿಗಳಿವೆ, ಊರ ಕೆರೆಯಿದೆ. ಜೊತೆಯಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆಯಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಅಲ್ಲಾಹನು ತಿಳಿಸಿದ್ದಾನೆ (ಅಲ್ ಅನ್‌ಆಮ್: 38). ಅದನ್ನು ಪುಸ್ತಕದಲ್ಲಿ ಓದಿಸಿದ್ದು ಸಾಲದು ಎಂದು ನನಗೆ ಆ ಬಂಡೆಯ ಮರೆಯಲ್ಲಿ ಅರ್ಥವಾಯಿತು.

ಮುಂದಿನ ವರ್ಷ ಪತಿ ರಜೆಗೆ ಬರುತ್ತಾರೆ, ಇನ್‌ಶಾ ಅಲ್ಲಾಹ್. ಅಬ್ಬಾರನ್ನು ಬೇಟೆಗೆ ಕರೆದೊಯ್ಯಲು ಮಗ ಈಗಲೇ ಅರ್ಜಿ ಬರೆದಿಟ್ಟಿದ್ದಾನೆ. ವಿಷಯದ ಸಾಲು ಬದಲಾಗಿಲ್ಲ. ನಮ್ಮ ಮಕ್ಕಳ ಹೃದಯದಲ್ಲಿ ತಾನೇ ಇಟ್ಟ ದಯೆಯನ್ನು ನಮ್ಮ ಕೈಯಾರೆ ಒಣಗಿಸದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.